ಐತಿಹ್ಯ ಮತ್ತು ಸಾಕ್ಷ್ಯ: ಜೂಲಿ ಡ್ಯಾಶ್ ಅವರ ಒಂದು ಚಲಚ್ಚಿತ್ರ

ತಮ್ಮ ಕೈಬರಹವನ್ನು ಉಳಿಸಲು ಅವಕಾಶವೇ ಇಲ್ಲದಿದ್ದ ಜನರ ಚರಿತ್ರೆಯನ್ನು ಬರೆಯುವುದು ಹೇಗೆ? ಈ ಪ್ರಶ್ನೆಗೆ ಅಮೆರಿಕದ ಸ್ವತಂತ್ರ ನಿರ್ದೇಶಕಿ ಜೂಲಿ ಡ್ಯಾಶ್ ಅವರ 'ಡಾಟರ್ಸ್ ಆಫ್ ದಿ ಡಸ್ಟ್' (1991) ಎಂಬ ಚಿತ್ರವು ಕೊಡುವ ಉತ್ತರವನ್ನು ಇಲ್ಲಿ ಪರಿಶೀಲಿಸುತ್ತೇವೆ.

ದಕ್ಷಿಣ ಕೆರೊಲಿನ ಮತ್ತು ಜಾರ್ಜಿಯಗಳ ಕರಾವಳಿಯ ದ್ವೀಪಗಳಲ್ಲಿ, ಬತ್ತ, ನೀಲಿ, ಹತ್ತಿಗಳ ತೋಟಗಳಲ್ಲಿ ದುಡಿದ ಗುಲಾಮರ ಸಂತತಿಯೇ ಗುಲ್ಲಾ ಜನಾಂಗ. ಭೂಭಾಗದಿಂದ ದೂರವಿದ್ದುದರಿಂದ ಇವರಲ್ಲಿ ಆಫ್ರಿಕದ ನುಡಿ, ಆಚಾರಗಳು ಹೆಚ್ಚಾಗಿ ಉಳಿದುವು. ಡ್ಯಾಶ್ ಅವರ ತಂದೆಯ ಮನೆತನವೂ ಇದೇ ಮೂಲದ್ದು.

ಚಿತ್ರದ ಕಾಲ 1902. ಪೀಜಂಟ್ ಮನೆತನವು ಉತ್ತರಕ್ಕೆ ಹೊರಡಲು ಸಿದ್ಧವಾಗಿದೆ. ಮುತ್ತಜ್ಜಿ ನಾನಾ ಮಾತ್ರ ದ್ವೀಪವನ್ನು ಬಿಡಲೊಲ್ಲಳು. ಮಾರಾಟವಾಗಿ ಅಗಲಿದ ತಾಯಿಯ ಕೂದಲನ್ನು ಆಕೆ ಜೋಪಾನವಾಗಿ ಇಟ್ಟುಕೊಂಡಿದ್ದಾಳೆ. ಇತ್ತ ಗರ್ಭಿಣಿ ಯೂಲಾ ತನ್ನ ಮೇಲೆ ಅತ್ಯಾಚಾರವೆಸಗಿದವನ ಹೆಸರನ್ನು ಹೇಳಳು. ಹೇಳಿದರೆ ಗಂಡನ ಪ್ರಾಣಕ್ಕೇ ಅಪಾಯ. ಕಥೆಯನ್ನು ನಿರೂಪಿಸುವವರಲ್ಲಿ ಒಬ್ಬಳು ಮುತ್ತಜ್ಜಿ, ಇನ್ನೊಬ್ಬಳು ಯೂಲಾಳ ಗರ್ಭದಲ್ಲಿರುವ ಮಗಳು. ಯಾವ ಕಡತಕ್ಕೂ ಏರದ ಇಂಥ ಸಂಗತಿಗಳೇ ಚಿತ್ರದ ಆಧಾರಸಾಮಗ್ರಿ.

ಇತಿಹಾಸಕಾರನಿಗೆ ಮುಖ್ಯವಾದುದು ಇಬೊ ಲ್ಯಾಂಡಿಂಗಿನ ಪ್ರಸಂಗ. 1803ರಲ್ಲಿ ಜಾರ್ಜಿಯದ ಸೇಂಟ್ ಸೈಮನ್ಸ್ ದ್ವೀಪಕ್ಕೆ ತಂದ ಇಬೊ ಬಂದಿಗಳು ದಾಸ್ಯವನ್ನು ಒಲ್ಲದೆ ನೀರಿಗಿಳಿದರು. ಹಲವರು ಮುಳುಗಿ ಸತ್ತರು. ಅವರು ನೀರಿನ ಮೇಲೆ ನಡೆದು ಆಫ್ರಿಕಕ್ಕೆ ಮರಳಿದರೆಂಬುದು ಐತಿಹ್ಯ. ಯೂಲಾ ಈ ಐತಿಹ್ಯವನ್ನು ಹೇಳುತ್ತಾಳೆ. ವೃದ್ಧ ಬಿಲಾಲನಾದರೋ ಅವರು ಮುಳುಗಿದರೆಂದೇ ನುಡಿಯುತ್ತಾನೆ. ಡ್ಯಾಶ್ ಒಂದನ್ನು ಅಳಿಸಿ ಇನ್ನೊಂದನ್ನು ನಿಲ್ಲಿಸುವುದಿಲ್ಲ. ನಡೆದುದೇನೆಂಬುದನ್ನು ಸಾಕ್ಷ್ಯವು ತಿಳಿಸುತ್ತದೆ. ಆ ಸಾವನ್ನು ನೆನೆದು ಉಳಿದವರು ಹೇಗೆ ಬದುಕಿದರೆಂಬುದನ್ನು ಐತಿಹ್ಯವು ತಿಳಿಸುತ್ತದೆ. ಎರಡೂ ಚರಿತ್ರೆಯ ವಿಷಯವೇ. ಆದರೆ ಒಂದನ್ನು ಇನ್ನೊಂದೆಂದು ಭ್ರಮಿಸಬಾರದು.

ಈ ಎಚ್ಚರವನ್ನು ಚಿತ್ರದ ವಿಷಯದಲ್ಲೂ ವಹಿಸಬೇಕು. ವೃದ್ಧರ ಕೈಗಳಲ್ಲಿ ಕಾಣುವ ನೀಲಿಯ ಕಲೆ ವಾಸ್ತವವಾಗಿ ಅಷ್ಟು ಕಾಲ ಉಳಿಯುವಂಥದಲ್ಲ. ಡ್ಯಾಶ್ ಅದನ್ನು ಅರಿತೇ, ಚಾವಟಿಯ ಗಾಯಗಳಿಗೆ ಬದಲಾಗಿ ದಾಸ್ಯದ ಕುರುಹಾಗಿ ಬಳಸಿದರು. ಅದನ್ನು ದಾಖಲೆಯೆಂದು ಓದಿದರೆ ತಪ್ಪು ನಮ್ಮದು.

ಅಮೆರಿಕದ ಚಿತ್ರಮಂದಿರಗಳಲ್ಲಿ ಸಾರ್ವತ್ರಿಕವಾಗಿ ಬಿಡುಗಡೆಯಾದ, ಆಫ್ರಿಕನ್ ಅಮೆರಿಕನ್ ಮಹಿಳೆಯೊಬ್ಬರು ನಿರ್ದೇಶಿಸಿದ ಮೊದಲ ಪೂರ್ಣಪ್ರಮಾಣದ ಕಥಾಚಿತ್ರವಿದು. 2004ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಇದನ್ನು ಸಂರಕ್ಷಣೀಯ ಚಿತ್ರಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು. ಅಜ್ಜಿಯರ ಬಾಯಲ್ಲಿದ್ದ ನೆನಪು ಹೀಗೆ ತಾನೇ ದಾಖಲೆಯಾಯಿತು. ಅದನ್ನು ಓದುವ ಕ್ರಮವನ್ನು ರೂಪಿಸಿಕೊಳ್ಳುವುದು ಇನ್ನು ನಮ್ಮ ಕೆಲಸ.