ದಂಗೆ: ಶಬ್ದಾರ್ಥ ಮತ್ತು ಬಳಕೆ

‘ದಂಗೆ’ ಶಬ್ದವು ಹಿಂದಿ ಹಾಗೂ ಉರ್ದು ಭಾಷೆಗಳ ‘ದಂಗಾ’ ಎಂಬುದರ ಕನ್ನಡ ರೂಪ. ನಿಜಾಮರ ಕಾಲದಲ್ಲಿ ಉರ್ದು ಆಡಳಿತ ಭಾಷೆಯಾಗಿದ್ದ ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ‘ಲಡಾಯಿ’ಯಂತಹ ಶಬ್ದಗಳೊಡನೆ ಇದೂ ಜನರ ನಾಲಿಗೆಯ ಮೇಲಿದೆ.

ಇದಕ್ಕೆ ಸಮೀಪವಾದ ಶಬ್ದಗಳು ಹಲವು. ಅರ್ಥ ಮಾತ್ರ ಬೇರೆ ಬೇರೆ. ‘ಗದ್ದಲ’ವೆಂದರೆ ಬರಿಯ ಸದ್ದು, ಜಾತ್ರೆಯ ಸಂಭ್ರಮದಲ್ಲಿಯೂ ಅದು ಇರುತ್ತದೆ. ‘ದಾಂಧಲೆ’ಯೆಂದರೆ ಒಡೆದು ಕೆಡಿಸುವ ಪುಂಡಾಟ, ಅದಕ್ಕೆ ಒಬ್ಬನೇ ಸಾಕು. ‘ದೊಂಬಿ’ ಕಾನೂನಿನ ಶಬ್ದ. ಐವರು ಅಥವಾ ಅದಕ್ಕಿಂತ ಹೆಚ್ಚು ಜನರ ಅಕ್ರಮ ಕೂಟವು ತನ್ನ ಉದ್ದೇಶಕ್ಕಾಗಿ ಹಿಂಸೆಗಿಳಿದರೆ, ಅದರಲ್ಲಿರುವ ಪ್ರತಿಯೊಬ್ಬನೂ ದೊಂಬಿಯ ಅಪರಾಧಿ. ‘ದಂಗೆ’ಗೆ ಎರಡು ಅರ್ಥಗಳಿವೆ: ಸಮುದಾಯಗಳ ನಡುವಣ ಗಲಭೆ ಒಂದು, ಅಧಿಕಾರಕ್ಕೆ ತಿರುಗಿಬೀಳುವುದು ಇನ್ನೊಂದು.

ಕ್ರಿಯಾಪದವನ್ನೂ ಗಮನಿಸಬೇಕು. ಗದ್ದಲ ಮಾಡುತ್ತಾರೆ, ದಾಂಧಲೆ ನಡೆಸುತ್ತಾರೆ, ದಂಗೆಯಾದರೋ ‘ಏಳುತ್ತಾರೆ’. ಏಳುವವರು ಮೊದಲು ಬಗ್ಗಿಸಲ್ಪಟ್ಟವರಾಗಿರಬಹುದೆಂಬ ಸೂಚನೆ ಈ ನುಡಿಗಟ್ಟಿನಲ್ಲಿಯೇ ಇದೆ.

ಇದಕ್ಕೆ ಸುರಪುರವೇ ನಿದರ್ಶನ. 1858ರ ಫೆಬ್ರವರಿಯಲ್ಲಿ ತರುಣ ದೊರೆ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಹೋರಾಡಿ, ಬಳಿಕ ಸೆರೆಯಾದರು. ಅದೇ ವರ್ಷ ಸೆರೆಮನೆಗೆ ಸಾಗಿಸುವ ದಾರಿಯಲ್ಲಿ ಗುಂಡೇಟಿನಿಂದ ಮೃತರಾದರು. ಆಳುವವರ ಕಡತದಲ್ಲಿ ಅದು ದಂಗೆ. ನಾಡಿನ ನೆನಪಿನಲ್ಲಿ ಸ್ವಾತಂತ್ರ್ಯ ಸಂಗ್ರಾಮ. 12ನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಜಾತಿಯ ಗೋಡೆಯನ್ನು ಮೀರಿದ್ದು ಅಂದಿನ ಸಂಪ್ರದಾಯಸ್ಥರಿಗೆ ಅವ್ಯವಸ್ಥೆಯಾಗಿ ಕಂಡಿತು. ನಾವಾದರೋ ಅದನ್ನು ‘ಕಲ್ಯಾಣ ಕ್ರಾಂತಿ’ ಎಂದು ಗೌರವಿಸುತ್ತೇವೆ.

ಹಾಗೆಂದು ಎಲ್ಲ ಹಿಂಸೆಯೂ ಕ್ರಾಂತಿಯಾಗದು. ಬಡವನ ಅಂಗಡಿಗೆ ಬೆಂಕಿಯಿಟ್ಟವನು ಯಾವ ಘೋಷಣೆ ಕೂಗಿದರೂ ಮಾಡಿದ್ದು ದಾಂಧಲೆಯೇ. ನೀರಿಗಾಗಿ, ಕೂಲಿಗಾಗಿ ಶಾಂತವಾಗಿ ಕುಳಿತವರನ್ನು ದಂಗೆಕೋರರೆನ್ನುವುದೂ ಅಷ್ಟೇ ಅನ್ಯಾಯ.

ಇಂದು ಈ ವಿವೇಕ ಇನ್ನೂ ಅಗತ್ಯ. ಜಾತ್ರೆಯಲ್ಲಿ ಇಬ್ಬರು ಯುವಕರು ಕೈಕೈ ಮಿಲಾಯಿಸಿದುದನ್ನು ಮೊಬೈಲಿನಲ್ಲಿ ‘ದಂಗೆ’ಯೆಂದು ಹಬ್ಬಿಸಿದರೆ, ಸುದ್ದಿ ಪಕ್ಕದ ಊರು ಮುಟ್ಟುವಷ್ಟರಲ್ಲಿ ಇಬ್ಬರ ಜಗಳ ಎರಡು ಸಮುದಾಯಗಳ ಜಗಳವಾಗುತ್ತದೆ. ಆದುದರಿಂದ ಭಕ್ತರಲ್ಲಿ ನಮ್ಮ ಅರಿಕೆ ಇಷ್ಟೇ: ಕಂಡದ್ದು ಜಗಳವಾದರೆ ಜಗಳವೆನ್ನೋಣ, ಕಾಣದ್ದನ್ನು ಹೇಳದಿರೋಣ.