ಕರಾವಳಿಯ ಕಾಲೇಜುಗಳಲ್ಲಿ ಪುರಾತತ್ತ್ವ

ತುಳುನಾಡಿನಲ್ಲಿ ಪುರಾತತ್ತ್ವದ ಅಧ್ಯಯನ ಬೆಳೆದದ್ದು ಬಹುಮಟ್ಟಿಗೆ ಪದವಿ ಕಾಲೇಜುಗಳ ಅಧ್ಯಾಪಕರ ಊರೂರು ತಿರುಗಾಟದಿಂದ. ಇದಕ್ಕೆ ಆಡಳಿತದ ಚರಿತ್ರೆಯಲ್ಲಿಯೂ ನೆಲದ ಗುಣದಲ್ಲಿಯೂ ಕಾರಣಗಳಿವೆ. ಮೈಸೂರು ಸಂಸ್ಥಾನದಲ್ಲಿ ಪುರಾತತ್ತ್ವ ಇಲಾಖೆಗೂ ವಿಶ್ವವಿದ್ಯಾನಿಲಯಕ್ಕೂ ನಿಕಟ ಸಂಬಂಧವಿದ್ದು, ಎಂ. ಎಚ್. ಕೃಷ್ಣ ಅವರು ಪ್ರಾಧ್ಯಾಪಕರಾಗಿದ್ದುಕೊಂಡೇ ಇಲಾಖೆಯನ್ನು ನಡೆಸಿ, ಚಂದ್ರವಳ್ಳಿಯಲ್ಲಿ ಉತ್ಖನನ ಮಾಡಿ, 1936ರಲ್ಲಿ ಹಲ್ಮಿಡಿ ಶಾಸನವನ್ನು ಬೆಳಕಿಗೆ ತಂದರು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಬ್ರಹ್ಮಗಿರಿಯಲ್ಲಿ ನಡೆಸಿದ ಉತ್ಖನನವು ಸ್ತರವಿನ್ಯಾಸದ ವಿಧಾನವನ್ನು, ಅಂದರೆ ಮಣ್ಣಿನ ಪದರಗಳು ಒಂದರ ಮೇಲೊಂದು ಕೂತ ಕ್ರಮದಿಂದ ಕಾಲದ ಹಿಂದುಮುಂದನ್ನು ತಿಳಿಯುವ ರೀತಿಯನ್ನು, ಕನ್ನಡ ನಾಡಿನಲ್ಲಿ ಗಟ್ಟಿಯಾಗಿ ನೆಲೆಗೊಳಿಸಿತು. ಆದರೆ ದಕ್ಷಿಣ ಕನ್ನಡ 1956ರವರೆಗೆ ಮದರಾಸಿಗೆ ಸೇರಿದ್ದರಿಂದ ಅಲ್ಲಿಯ ಶಾಸನಗಳು ಮದರಾಸಿನ ಶಾಸನತಜ್ಞರ ಸಂಗ್ರಹಗಳಲ್ಲಿ ಉಳಿದವು.

ನೆಲವೂ ಉತ್ಖನನಕ್ಕೆ ಸುಲಭವಾಗಿ ಒದಗುವಂಥದ್ದಲ್ಲ. ಮುರಕಲ್ಲಿನ ಗುಡ್ಡಗಳ ಮೇಲೆ ಆಳವಾದ ಮಣ್ಣಿನ ಪದರ ವಿರಳ. ಮರ ಮತ್ತು ಮುರಕಲ್ಲಿನ ಕಟ್ಟಡಗಳು ಮಳೆಗೆ ಸವೆದು, ಜೀರ್ಣೋದ್ಧಾರ ಮತ್ತು ಬ್ರಹ್ಮಕಲಶಗಳ ಮೂಲಕ ಮತ್ತೆ ಮತ್ತೆ ಹೊಸದಾಗುತ್ತವೆ. ಆದುದರಿಂದ ಇಲ್ಲಿಯ ವಿದ್ಯಾರ್ಥಿ ಗೋಡೆಗಿಂತ ಗರ್ಭಗುಡಿಯ ಮೂರ್ತಿಯನ್ನು ಹೆಚ್ಚು ನೆಚ್ಚಬೇಕಾಗುತ್ತದೆ. ವಿಷ್ಣುವಿನ ಕೈಯಲ್ಲಿರುವ ಚಕ್ರದ ಅಂಚು ಎದುರಿಗೆ ತಿರುಗಿದೆಯೇ, ಶರೀರ ನೆಟ್ಟಗೆ ನಿಂತಿದೆಯೇ, ಕಿರೀಟದ ಆಕಾರವೇನು ಎಂಬ ಲಕ್ಷಣಗಳನ್ನು ಹೋಲಿಸಿ ಕಾಲವನ್ನು ಊಹಿಸುವ ಮೂರ್ತಿಶಿಲ್ಪಶಾಸ್ತ್ರ ಕರಾವಳಿಯಲ್ಲಿ ಪ್ರಧಾನವಾದದ್ದು ಇದರಿಂದಲೇ.

ಈ ಮಾರ್ಗವನ್ನು ಅಸಾಧಾರಣ ಶ್ರಮದಿಂದ ತೆರೆದವರು ಕಾಪು ಬಳಿಯ ಪಾದೂರಿನ ಗುರುರಾಜ ಭಟ್ಟರು. ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ಅವರು ಹಳ್ಳಿಯ ದೇವಾಲಯಗಳಿಗೆ ಹೋಗಿ, ಮೂರ್ತಿಗಳ ಛಾಯಾಚಿತ್ರ ತೆಗೆದು, ಶಾಸನಗಳನ್ನು ಓದಿ, ಆ ಸಾಮಗ್ರಿಯನ್ನೆಲ್ಲ 1975ರಲ್ಲಿ ತುಳುವ ಇತಿಹಾಸ ಮತ್ತು ಸಂಸ್ಕೃತಿಯನ್ನು ಕುರಿತ ಬೃಹತ್ ಇಂಗ್ಲಿಷ್ ಗ್ರಂಥವಾಗಿ ಪ್ರಕಟಿಸಿದರು. 1970ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯ ಪ್ರಕಟಿಸಿದ ಕೆ. ವಿ. ರಮೇಶ್ ಅವರ ದಕ್ಷಿಣ ಕನ್ನಡದ ಇತಿಹಾಸ ಶಾಸನಗಳ ಬಲದಿಂದ ರಾಜವಂಶಗಳ ಅನುಕ್ರಮವನ್ನು ನಿಲ್ಲಿಸಿತು. ಭಟ್ಟರ ಗ್ರಂಥ ಅದಕ್ಕೆ ಊರು, ಗುಡಿ, ಆಚರಣೆಗಳ ಮೈ ತುಂಬಿತು. ಆಮೇಲೆ ಜೀರ್ಣೋದ್ಧಾರಗೊಂಡ ಗುಡಿಗಳ ಮಟ್ಟಿಗಂತೂ ಆ ಛಾಯಾಚಿತ್ರಗಳೇ ಆಧಾರವೆಂಬುದನ್ನು ನೆನೆದರೆ ಅವರ ಋಣ ಎಷ್ಟು ದೊಡ್ಡದೆಂದು ತಿಳಿಯುತ್ತದೆ.

ಶಿರ್ವದ ಮೂಲ್ಕಿ ಸುಂದರರಾಮ ಶೆಟ್ಟಿ ಕಾಲೇಜಿನಲ್ಲಿ ಪ್ರಾಚೀನ ಇತಿಹಾಸ ಮತ್ತು ಪುರಾತತ್ತ್ವವು ಪದವಿ ತರಗತಿಯ ವಿಷಯವಾಗಿ ಬೇರೂರಿತು. ಅಂಥ ತರಗತಿಗೆ ಕಾರ್ಕಳವೇ ಒಂದು ಪಠ್ಯ: 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ ಗೊಮ್ಮಟನೂ 1586ರ ಚತುರ್ಮುಖ ಬಸದಿಯೂ ಕಾಲ ಖಚಿತವಾಗಿರುವ ಕೃತಿಗಳಾದ್ದರಿಂದ, ಕಾಲ ತಿಳಿಯದ ಶಿಲ್ಪಗಳನ್ನು ಅವುಗಳೊಡನೆ ಹೋಲಿಸಿ ಕಲಿಯಬಹುದು. ಶಿರ್ವದ ಕಾಲೇಜಿನಲ್ಲಿ ಪಾಠ ಹೇಳಿದ ಟಿ. ಮುರುಗೇಶಿ ಅವರು ಕುಂದಾಪುರ ತಾಲೂಕಿನ ಬುದ್ಧನಜೆಡ್ಡಿನ ಬಂಡೆಚಿತ್ರಗಳನ್ನು ಅಧ್ಯಯನಕ್ಕೆ ತಂದರು. ಮೂಡುಬಿದಿರೆ ಸಮೀಪದ ಮೂಡುಕೊಣಾಜೆಯ ಕಲ್ಮನೆ ಸಮಾಧಿಗಳ, ಎಂದರೆ ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಕಲ್ಲು ಹೊದಿಸಿದ ಬೃಹತ್ ಶಿಲಾಯುಗದ ಸಮಾಧಿಗಳ, ನೆಲೆಯಲ್ಲಿ ಅವರ ಶೋಧನೆಯಿಂದ ಗೂಳಿ, ನವಿಲು, ಕುದುರೆಗಳ ಸುಟ್ಟಮಣ್ಣಿನ ಗೊಂಬೆಗಳು 2023ರಲ್ಲಿ ಬೆಳಕಿಗೆ ಬಂದವು. ಈ ನೆಲೆಯನ್ನು 1980ರ ದಶಕದಲ್ಲಿಯೇ ಪುಂಡಿಕಾಯಿ ಗಣಪಯ್ಯ ಭಟ್ಟರು ಗುರುತಿಸಿ ದಾಖಲಿಸಿದ್ದರು. ಅಲ್ಲಿದ್ದ ಒಂಬತ್ತು ಸಮಾಧಿಗಳಲ್ಲಿ ಈಗ ಎರಡು ಮಾತ್ರ ಮೂಲರೂಪದಲ್ಲಿ ಉಳಿದಿದ್ದು, ಉಳಿದ ಏಳು ಶಿಥಿಲವಾಗಿವೆ.