ತಂತ್ರಾಂಶ ಉನ್ನತೀಕರಣದ ನಂತರ ಪಹಣಿ ಸೇವೆಯಲ್ಲಿ ವಿಳಂಬ: ಅರ್ಜಿದಾರರಿಗೆ ಮಾಹಿತಿ

ಹಿಂದೆ ಗೋಕಾಕ ತಾಲ್ಲೂಕಿನಲ್ಲಿದ್ದು ಈಗ ಮೂಡಲಗಿ ತಾಲ್ಲೂಕಿಗೆ ಸೇರಿರುವ ಕಲ್ಲೋಳಿಯ ರೈತರು ಬೆಳೆಸಾಲ ಮುಂತಾದವುಗಳಿಗೆ ‘ಭೂಮಿ’ ಯೋಜನೆಯ ಗಣಕೀಕೃತ ಪಹಣಿಯನ್ನೇ ಹಾಜರುಪಡಿಸಬೇಕಾಗುತ್ತದೆ. ಇಂತಹ ಯಾವುದೇ ಸೇವೆಯ ಸರ್ವರ್ ತಂತ್ರಾಂಶವನ್ನು ಉನ್ನತೀಕರಿಸಿದ ಮೊದಲ ದಿನಗಳಲ್ಲಿ ಸೇವೆ ನಿಧಾನವಾಗುವುದುಂಟು.

ಪದೇ ಪದೇ ಬೇಕಾಗುವ ದಾಖಲೆಗಳನ್ನು ಸರ್ವರ್ ಪ್ರತಿ ಬಾರಿಯೂ ಡಿಸ್ಕ್‌ನಿಂದ ಓದದೆ, ಕ್ಯಾಶ್ ಎಂಬ ತಾತ್ಕಾಲಿಕ ಸ್ಮೃತಿಯಲ್ಲಿ ಇರಿಸಿಕೊಳ್ಳುತ್ತದೆ. ಸರ್ವರ್ ಪುನರಾರಂಭಗೊಂಡಾಗ ಈ ಸ್ಮೃತಿ ಬರಿದಾಗುವುದರಿಂದ ಮೊದಲ ಕೋರಿಕೆಗಳಿಗೆ ಹೆಚ್ಚು ಸಮಯ ತಗಲುತ್ತದೆ. ಇದು ತಾನಾಗಿಯೇ ಸರಿಹೋಗುವಂಥದ್ದು.

ಸರಿಹೋಗದ ವಿಳಂಬದ ಕಾರಣ ಬೇರೆ. ಜೋಪ್ ಬಳಸುವಂತಹ ಆಬ್ಜೆಕ್ಟ್ ಡೇಟಾಬೇಸ್‌ಗಳಲ್ಲಿ ಪ್ರತಿ ಸಂಪರ್ಕಕ್ಕೂ ಪ್ರತ್ಯೇಕ ಕ್ಯಾಶ್ ಇದ್ದು, ಅದರ ಮಿತಿಯನ್ನು ಆಬ್ಜೆಕ್ಟ್‌ಗಳ ಸಂಖ್ಯೆಯಲ್ಲಿ ನಿಗದಿಪಡಿಸಬಹುದಾಗಿದೆ. ಸಂಪರ್ಕವೊಂದಕ್ಕೆ 5000ದಂತೆ 4 ಸಂಪರ್ಕಗಳಿದ್ದಲ್ಲಿ 20,000 ಆಬ್ಜೆಕ್ಟ್‌ಗಳು ಸ್ಮೃತಿಯಲ್ಲಿರುತ್ತವೆ. 32 ಬಿಟ್‌ನಿಂದ 64 ಬಿಟ್ ವ್ಯವಸ್ಥೆಗೆ ಬದಲಾಯಿಸಿದಾಗ ಅಷ್ಟೇ ಸಂಖ್ಯೆಗೆ ಹೆಚ್ಚಿನ ಸ್ಮೃತಿ ಬೇಕಾಗುತ್ತದೆ. ಸ್ಮೃತಿ ಸಾಲದಿದ್ದಲ್ಲಿ ಸರ್ವರ್ ಡಿಸ್ಕ್‌ನ ಮೊರೆಹೋಗಿ ಮೊದಲಿಗಿಂತಲೂ ನಿಧಾನವಾಗುತ್ತದೆ. ಕ್ಯಾಶ್ ಹಿಗ್ಗಿಸುವುದೇ ಪರಿಹಾರವೆಂಬ ಸಾಮಾನ್ಯ ಅಭಿಪ್ರಾಯ ಇಲ್ಲಿ ತಪ್ಪು. ಸ್ಮೃತಿಯ ಬಳಕೆಯನ್ನು ಕೆಲವು ದಿನ ಗಮನಿಸಿ, ಮಿತಿಯನ್ನು ಹಂತಹಂತವಾಗಿ ಬದಲಿಸತಕ್ಕದ್ದು.

ಅರ್ಜಿದಾರರು ಪುಟ ತೆರೆಯಲು ತಡವಾದಾಗ ಎರಡನೇ ಬಾರಿ ಶುಲ್ಕ ಪಾವತಿಸದೆ, ಮೊದಲ ಪಾವತಿಯ ಸ್ಥಿತಿಯನ್ನು ಪರಿಶೀಲಿಸಬೇಕು. ಹಕ್ಕು ಬದಲಾವಣೆಯ ನಂತರವೂ ಹಳೆಯ ಖಾತೆದಾರರ ಹೆಸರೇ ಕಂಡುಬಂದಲ್ಲಿ, ಅದು ಕ್ಯಾಶ್‌ನಲ್ಲಿ ಉಳಿದ ಹಳೆಯ ಪ್ರತಿಯಾಗಿರಬಹುದು ಅಥವಾ ಮ್ಯುಟೇಶನ್ ಇನ್ನೂ ಪೂರ್ಣಗೊಂಡಿರಲಿಕ್ಕಿಲ್ಲ. ಮ್ಯುಟೇಶನ್ ಸ್ಥಿತಿಯನ್ನು ನೋಡಿಕೊಂಡು ಹೊಸ ಪ್ರತಿ ಪಡೆಯುವುದು. ಅದರಲ್ಲಿಯೂ ಹಳೆಯ ಹೆಸರಿದ್ದಲ್ಲಿ, ಆ ಪಹಣಿಯನ್ನು ಬ್ಯಾಂಕಿಗೆ ಸಲ್ಲಿಸುವ ಮೊದಲು ತಹಶೀಲ್ದಾರರ ಕಚೇರಿಗೆ ಲಿಖಿತವಾಗಿ ತಿಳಿಸುವುದು.